ಮಸ್ಕತ್ತಿನ ದಾರಿಯಲ್ಲಿ ಎರಡು ಕ್ರೇಟ್ ಬಂಗುಡೆ

ಮಾತು ಬಿಟ್ಟಿದ್ದ ಮಗನನ್ನೂ ಮಗಳನ್ನೂ ನಾನು ಉಪಾಯ ಮಾಡಿ ಒಂದು ಮಾಡಿದೆ ಎಂದು ನಮ್ಮ ಕೇರಿಯಲ್ಲಿ ಹೇಳುತ್ತಾರೆ. ಸುಳ್ಳು. ನನಗೆ ಅಷ್ಟು ಬುದ್ಧಿ ಇಲ್ಲ. ಎರಡು ಕ್ರೇಟ್ ಬಂಗುಡೆ ಮೀನು ಕಾರಿನಲ್ಲಿ ಹಾಳಾಗುವುದರಲ್ಲಿತ್ತು, ಅದನ್ನು ಇಳಿಸಲು ಮಸ್ಕತ್ತಿನಲ್ಲಿ ಮಗಳ ಮನೆ ಬಿಟ್ಟರೆ ಬೇರೆ ಮನೆ ಇರಲಿಲ್ಲ. ನಡೆದದ್ದು ಇಷ್ಟೇ.

ಆದರೂ ಕೇಳುವವರು ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯುತ್ತದೆ. ಅದಕ್ಕೆ ಒಮ್ಮೆ ಬರೆದು ಮುಗಿಸುತ್ತೇನೆ. ಮನೆಯಲ್ಲಿ ನಾವು ಆಡುವುದು ತುಳು, ಬರೆಯುವುದು ನಾಲ್ಕನೇ ಕ್ಲಾಸಿನ ಕನ್ನಡ. ಸಾಕು.

ನಾನು ಮಂಗಳೂರಿನಲ್ಲಿ ಮೀನು ಮಾರಿ ಬದುಕಿದವಳು. ಬೆಳಗಾಗುವಾಗ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಗೆ ಹೋಗಿ, ಏಲಂನಲ್ಲಿ ಬುಟ್ಟಿ ಹಿಡಿದು, ಕೊಟ್ಟಾರದ ಮನೆಗಳಿಗೆ ಹೊತ್ತುಕೊಂಡು ಹೋಗುವುದು. ಈಗ ಹೊರುವುದಿಲ್ಲ, ಕಟ್ಟೆಯಲ್ಲೇ ಕೂತು ಮಾರುತ್ತೇನೆ. ಮಗಳು ದೊಡ್ಡವಳು, ಮದುವೆಯಾಗಿ ಮಸ್ಕತ್ತಿಗೆ ಹೋದಳು. ಮಗ ಚಿಕ್ಕವನು, ಶಾರ್ಜಾದಲ್ಲಿ ಕೆಲಸ ಹಿಡಿದ. ನಡುವೆ ಒಂದು ಗಡಿ, ಕಾರಿನಲ್ಲಿ ಅರ್ಧ ದಿನದ ದಾರಿ.

ಎರಡು ವರ್ಷದ ಹಿಂದೆ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಇಬ್ಬರೂ ಬರುತ್ತೇನೆ ಎಂದಿದ್ದರು. ಅಕ್ಕ ಹೋಗುತ್ತಾಳಲ್ಲ ಎಂದು ತಮ್ಮ ರಜೆ ಕ್ಯಾನ್ಸಲ್ ಮಾಡಿದ. ತಮ್ಮ ಹೋಗುತ್ತಾನಲ್ಲ ಎಂದು ಅಕ್ಕ ಟಿಕೆಟ್ ಮಾಡಲಿಲ್ಲ. ಕೊನೆಗೆ ಪಕ್ಕದ ಮನೆಯಲ್ಲಿರುವ ನನ್ನ ತಂಗಿ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಕರೆದುಕೊಂಡು ಬಂದಳು. ನನಗೇನೂ ತೊಂದರೆ ಆಗಲಿಲ್ಲ. ಆದರೆ ಇವರಿಬ್ಬರು ಫೋನಿನಲ್ಲಿ ಕಿತ್ತಾಡಿಕೊಂಡರು. ಮಗ ಮನೆಯವರ ವಾಟ್ಸಾಪ್ ಗ್ರೂಪ್ ಬಿಟ್ಟು ಹೊರಟುಹೋದ. ಮಾತು ಅಲ್ಲಿಗೆ ನಿಂತಿತು.

ನಿಂತಿದ್ದರೆ ನಿಂತಿರಲಿ ಎನ್ನಬಹುದಿತ್ತು. ಆದರೆ ಮಗಳ ಮಗಳಿಗೆ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ತಾಯಿಯ ತಮ್ಮ ಅಥವಾ ಅಣ್ಣ. ಅವನಿಗೆ ಮೊದಲ ವೀಳ್ಯ ಕೊಟ್ಟು ಕರೆಯಬೇಕು, ಅದೂ ಎದುರೆದುರು ನಿಂತು. ಫೋನಿನಲ್ಲಿ ಆಗುವುದಿಲ್ಲ.

"ಅವನು ಮನೆಗೆ ಬರಲಿ, ಕೊಡ್ತೇನೆ" ಎಂದಳು ಮಗಳು.

"ಕರೆಯದೆ ಹೋಗಲಿಕ್ಕೆ ನಾನೆಂತ ನಾಯಿಯಾ?" ಎಂದ ಮಗ.

ಮೊಮ್ಮಗಳು ನನಗೆ ಫೋನ್ ಮಾಡಿದಳು. "ಅಜ್ಜಿ, ಮಾಮ ಬರದಿದ್ದರೆ ನನ್ನನ್ನು ಮಂಟಪಕ್ಕೆ ಯಾರು ಕರೆದುಕೊಂಡು ಹೋಗುವುದು? ಊಬರಿನವನಾ?"

ಹುಡುಗಿ ತಮಾಷೆ ಮಾಡುವವಳೇ. ಆದರೆ ಆವತ್ತು ಅವಳ ಸ್ವರ ಸರಿ ಇರಲಿಲ್ಲ. ಅದು ನನ್ನ ಕಿವಿಯಲ್ಲಿ ಉಳಿಯಿತು. ಚಳಿಗಾಲದಲ್ಲಿ ಮಗ ವಿಸಿಟ್ ವೀಸಾ ಕಳಿಸಿದಾಗ, "ಬರ್ತೇನೆ, ಆದರೆ ಮಸ್ಕತ್ತಿಗೂ ಕರೆದುಕೊಂಡು ಹೋಗಬೇಕು" ಎಂದೆ. ಅವನು ಒಪ್ಪಿದ, ಅವನದೇ ಲೆಕ್ಕಾಚಾರದಲ್ಲಿ. ನನ್ನನ್ನು ಅಕ್ಕನ ಬಿಲ್ಡಿಂಗಿನ ಕೆಳಗೆ ಇಳಿಸುವುದು. ಅವನೂ ಹೆಂಡತಿಯೂ ಹೋಟೆಲಿನಲ್ಲಿ ಉಳಿಯುವುದು. ಸಂಜೆ ಊಟಕ್ಕೆ ಅವನ ಸ್ನೇಹಿತರೊಬ್ಬರ ಮನೆಗೆ ಹೋಗುವುದು. ಆ ಸ್ನೇಹಿತರು ಉಡುಪಿ ಕಡೆಯ ಭಟ್ಟರು. ಎರಡು ದಿನ ಕಳೆದು ಅದೇ ಬಿಲ್ಡಿಂಗಿನ ಕೆಳಗೆ ಬಂದು ನನ್ನನ್ನು ಹತ್ತಿಸಿಕೊಳ್ಳುವುದು.

"ಪಾರ್ಸೆಲ್ ಹಾಗೆ" ಎಂದೆ ನಾನು.

"ಅಮ್ಮ, ಸುರು ಮಾಡಬೇಡಿ" ಎಂದ.

ಬೆಳಿಗ್ಗೆ ಹೊರಟೆವು. ಕಾರು ಹೊಸದು, ಬಿಳಿ ಬಣ್ಣದ್ದು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ರಸ್ತೆ ಹೇಗಿದೆ ಎಂದು ಸೊಸೆ ಕೇಳಿದಳು. ಅಗಲ ಉಂಟು, ಹೊಂಡ ಇಲ್ಲ, ನೋಡಲು ಏನೂ ಇಲ್ಲ ಎಂದೆ. ಲಾರಿಗಳು ಪಕ್ಕದಲ್ಲಿ ಭರ್ರೆಂದು ಹೋಗುವಾಗ ಹೆದರಿಕೆ ಆಗುವುದಿಲ್ಲವಾ ಎಂದಳು. ಮಂಗಳೂರಿನ ನಂತೂರು ಸರ್ಕಲಿನಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ರಸ್ತೆ ದಾಟಿದವಳಿಗೆ ಯಾವ ಲಾರಿಯ ಹೆದರಿಕೆ? ಗಡಿಯಲ್ಲಿ ಒಬ್ಬ ಆಫೀಸರ್ ನನ್ನ ಪಾಸ್‌ಪೋರ್ಟಿನ ಫೋಟೋ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿದ. ಫೋಟೋದಲ್ಲಿ ನಾನು ಸಿಟ್ಟಿನಲ್ಲಿದ್ದೇನೆ. ಸ್ವಲ್ಪ ಹೊತ್ತು ಕಾಯಿಸಿದ ಕಾರಣ ಎದುರಿಗೂ ಹಾಗೇ ಕಂಡೆನೋ ಏನೋ, ಮುದ್ರೆ ಒತ್ತಿ ಕೊಟ್ಟ.

ಗಡಿ ದಾಟಿದ ಮೇಲೆ ಸೊಹಾರ್ ಎಂಬ ಊರಿನಲ್ಲಿ ಮಗನ ಶಾಲೆಯ ಕಾಲದ ಗೆಳೆಯನ ಮನೆಯಲ್ಲಿ ಮಧ್ಯಾಹ್ನದ ಊಟ. ಅವನ ಹೆಂಡತಿ ಕೋಳಿ ಸಾರು, ರೊಟ್ಟಿ ಮಾಡಿದ್ದಳು. ಚೆನ್ನಾಗಿತ್ತು, ಉಪ್ಪು ಕಡಿಮೆ. ಹೇಳಿದೆ. ಸೊಸೆ ಮೇಜಿನ ಕೆಳಗಿಂದ ನನ್ನ ಕಾಲು ತುಳಿದಳು. ಆ ಹುಡುಗಿ ನಗುತ್ತಾ ಉಪ್ಪಿನ ಡಬ್ಬಿಯನ್ನೇ ತಂದು ನನ್ನ ಎದುರು ಇಟ್ಟಳು. ಅಂಥವರು ನನಗೆ ಇಷ್ಟ.

ಅಲ್ಲಿಂದ ಹೊರಟು ಮಸ್ಕತ್ತಿನ ದಾರಿ ಹಿಡಿದೆವು. ಒಂದು ಊರಿನಲ್ಲಿ ರಸ್ತೆಯಿಂದ ಸಮುದ್ರ ಕಂಡಿತು. ಕಾಲು ಚಾಚಬೇಕು, ನಿಲ್ಲಿಸು ಎಂದೆ. ಇಳಿದು ನೋಡಿದರೆ ಮರಳಿನ ಮೇಲೆ ದೋಣಿ, ದೋಣಿಯ ಎದುರು ಮೀನಿನ ರಾಶಿ, ರಾಶಿಯ ಸುತ್ತ ಜನ. ಏಲಂ! ಕೂಗುವವನು ಉದ್ದದ ಬಿಳಿ ಅಂಗಿ ಹಾಕಿದ ಮುದುಕ. ಭಾಷೆ ಗೊತ್ತಿಲ್ಲದಿದ್ದರೂ ಎಲ್ಲ ಅರ್ಥವಾಗುತ್ತಿತ್ತು. ಯಾರಿಗೆ ಬೇಕು, ಯಾರು ಬೇಡದವರ ಹಾಗೆ ನಟಿಸುತ್ತಿದ್ದಾರೆ, ಯಾರು ಸುಮ್ಮನೆ ನೋಡಲು ಬಂದವರು, ಎಲ್ಲ.

ಎರಡು ಕ್ರೇಟ್ ಬಂಗುಡೆಯನ್ನು ಒಟ್ಟಿಗೆ ಏಲಂಗೆ ಇಟ್ಟಿದ್ದರು. ನಾನು ಬಗ್ಗಿ ಒಂದನ್ನು ಎತ್ತಿದೆ. ಕಿವಿರು ಅಗಲಿಸಿ ನೋಡಿದರೆ ಕೆಂಪು, ಒಳ್ಳೆ ಕೆಂಪು. ಅದನ್ನು ಕ್ರೇಟಿನ ಮೇಲೆ ಅಡ್ಡ ಇಟ್ಟೆ. ನಮ್ಮ ದಕ್ಕೆಯಲ್ಲಿ ನಾವು ಹಳೆಯ ಹೆಂಗಸರು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಮೀನು ಅಡ್ಡ ಇಟ್ಟರೆ ಅದು ನನ್ನದು ಎಂದು ಅರ್ಥ. ಮುದುಕ ನನ್ನನ್ನು ನೋಡಿದ. ನಾನು ತಲೆ ಆಡಿಸಿದೆ. ಕೈಯೂ ತಲೆಯೂ ಅವುಗಳಷ್ಟಕ್ಕೇ ಕೆಲಸ ಮಾಡಿದವು. ಅವನು ಏನೋ ಕೂಗಿದ, ಜನ ಮುಂದಿನ ರಾಶಿಗೆ ನಡೆದರು.

ಮಗ ಓಡಿಬಂದ. "ಅಮ್ಮ, ಎಂತ ಮಾಡಿದಿರಿ?"

"ಮೀನು ತೆಗೊಂಡೆ."

"ಯಾರಿಗೆ?"

ಅದನ್ನು ನಾನು ಯೋಚಿಸಿರಲಿಲ್ಲ.

ಅಲ್ಲಿ ಕೆಲಸಕ್ಕಿದ್ದ ಕೇರಳದ ಒಬ್ಬ, ಅಮ್ಮನಿಗೆ ಗೊತ್ತಾಗಲಿಲ್ಲ, ಬೇಡವಾದರೆ ಬಿಡಿ, ಮುದುಕನಿಗೆ ನಾನು ಹೇಳುತ್ತೇನೆ ಎಂದ. ಮಗನ ಮುಖ ಅರಳಿತು. ನಾನು ಆಗುವುದಿಲ್ಲ ಎಂದೆ. ಅಡ್ಡ ಇಟ್ಟ ಮೀನನ್ನು ವಾಪಸು ತೆಗೆಯುವ ಕ್ರಮ ನಮ್ಮಲ್ಲಿಲ್ಲ. ಒಮ್ಮೆ ತೆಗೆದವಳಿಗೆ ಮರುದಿನ ಯಾರೂ ಬುಟ್ಟಿ ಕೊಡುವುದಿಲ್ಲ.

"ಮರುದಿನ ನೀವು ಇಲ್ಲಿಗೆ ಬರ್ಲಿಕ್ಕೆ ಉಂಟಾ?" ಎಂದ ಮಗ.

"ಇಲ್ಲ. ಆದರೂ ಇಲ್ಲ."

ಅವನು ಆಕಾಶ ನೋಡಿದ. ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ಮಗ ದುಡ್ಡು ಕೊಟ್ಟ. ಕೇರಳದವನು ಮೇಲೆ ಮಂಜುಗಡ್ಡೆ ಸುರಿದು ಕ್ರೇಟುಗಳನ್ನು ಹೊಸ ಕಾರಿನ ಹಿಂದೆ ಇಟ್ಟ.

ಐದು ನಿಮಿಷದಲ್ಲಿ ಕಾರಿನ ತುಂಬ ಬಂಗುಡೆಯ ವಾಸನೆ. ಮಗ ಗ್ಲಾಸ್ ಇಳಿಸಿದ. "ಹೊಸ ಕಾರು ಅಮ್ಮ!"

"ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ತಂದದ್ದು ಮೀನಿನ ಟೆಂಪೋದಲ್ಲಿ" ಎಂದೆ. "ಆವಾಗ ನೀನು ಚಂದ ನಿದ್ದೆ ಮಾಡಿದ್ದಿ."

ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಅಲ್ಲಿದ್ದವನಿಗೆ ಮೀನು ಬೇಕಾ ಎಂದು ಕೇಳಿದ. ಅವನು ನಾಲ್ಕು ತೆಗೆದುಕೊಂಡ, ಐದನೆಯದು ಬೇಡ ಎಂದ. ಮಗ ಹೋಟೆಲಿಗೆ ಫೋನ್ ಮಾಡಿದ. ಹಸಿ ಮೀನನ್ನು ರೂಮಿಗೆ ತರುವ ಹಾಗಿಲ್ಲ ಎಂದರು. ಮಂಜುಗಡ್ಡೆಯ ನೀರು ಸೀಟಿನ ಅಡಿಗೆ ಹರಿದು ಬಂದು ನನ್ನ ಚಪ್ಪಲಿ ಒದ್ದೆಯಾಯಿತು.

"ಭಟ್ಟರ ಮನೆಗೆ ಕೊಂಡುಹೋಗುವನಾ?" ಎಂದೆ.

ಅವನು ಇನ್ನೊಂದು ಗ್ಲಾಸನ್ನೂ ಇಳಿಸಿದ.

ಸ್ವಲ್ಪ ಹೊತ್ತಾದ ಮೇಲೆ ಸೊಸೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, "ಅತ್ತಿಗೆ ಹೊಸ ಫ್ರೀಜರ್ ತೆಗೆದಿದ್ದಾರೆ. ದೊಡ್ಡದು."

"ನಿನಗೆ ಹೇಗೆ ಗೊತ್ತು?"

"ಗೊತ್ತುಂಟು."

"ನೀವಿಬ್ಬರು ಫೋನ್ ಮಾಡ್ತೀರಾ?"

"ನೀವು ಮುಂದೆ ನೋಡಿ ಡ್ರೈವ್ ಮಾಡಿ."

ಮಸ್ಕತ್ತಿನ ದೀಪಗಳು ಹತ್ತುವ ಹೊತ್ತಿಗೆ ಮಗ ಹೇಳಿದ, "ಕೆಳಗೆ ಇಡ್ತೇನೆ. ಬಾವ ಬಂದು ತೆಗೊಂಡು ಹೋಗಲಿ."

"ಬಾವ ಡ್ಯೂಟಿಯಲ್ಲಿದ್ದಾರೆ, ನಾಳೆ ಬರುವುದು" ಎಂದಳು ಸೊಸೆ. ಅವಳಿಗೆ ಅದೂ ಗೊತ್ತಿತ್ತು.

ಬಿಲ್ಡಿಂಗಿನ ಕೆಳಗೆ ಕಾರು ನಿಂತಿತು. ನಾನು ಒಂದು ಕ್ರೇಟಿಗೆ ಕೈ ಹಾಕಿದೆ. ಬೇಕೆಂದು ಹಾಕಿದ್ದಲ್ಲ, ಹೊತ್ತು ಅಭ್ಯಾಸ. ಮಗ ನನ್ನ ಕೈ ಸರಿಸಿ, ಗೊಣಗುತ್ತಾ ತಾನೇ ಎತ್ತಿಕೊಂಡ. ಲಿಫ್ಟಿನಲ್ಲಿ ನಮ್ಮ ಜೊತೆ ಇದ್ದ ದಂಪತಿ ಒಂದನೇ ಮಾಳಿಗೆಯಲ್ಲೇ ಇಳಿದುಹೋದರು.

ಬಾಗಿಲು ತೆರೆದದ್ದು ಮೊಮ್ಮಗಳು. "ಮಾಮ!" ಎಂದು ಕಿರುಚಿದಳು. ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಮಗಳು ಬಂದಳು. ಬಂದವಳು ಅಲ್ಲೇ ನಿಂತಳು. ಇವನು ಹೊಸ್ತಿಲ ಹೊರಗೆ ನಿಂತಿದ್ದ. ಅಂಗಿಯ ಮೇಲೆ ಮೀನಿನ ನೀರು ಇಳಿಯುತ್ತಿತ್ತು. ಈಗ ಬಾಗಿಲು ಹಾಕಿಕೊಂಡರೆ ಮದುವೆಯ ದಿನವೂ ಹಾಕಿದ ಹಾಗೇ ಎಂದು ನನಗೆ ಅನಿಸಿತು. ಮೊಮ್ಮಗಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಎಲ್ಲಿ ಇಡುವುದು?" ಎಂದ ಮಗ. ಎರಡು ವರ್ಷದಲ್ಲಿ ಅಕ್ಕನಿಗೆ ಅವನು ಆಡಿದ ಮೊದಲ ಮಾತು ಅದು.

"ಎಂತ ಅದು?"

"ಬಂಗುಡೆ. ಕೆಳಗೆ ಇನ್ನೊಂದು ಕ್ರೇಟ್ ಉಂಟು."

"ನಿನಗೆ ತಲೆ ಸರಿ ಉಂಟಾ ಮಾರಾಯ?"

"ನನ್ನನ್ನು ಕೇಳಬೇಡ. ನಿನ್ನ ಅಮ್ಮನನ್ನು ಕೇಳು."

"ನನ್ನ ಅಮ್ಮ! ನಿನಗೆಂತ ಆಗಬೇಕು ಅವರು? ನೆಲದಲ್ಲಿ ಇಡಬೇಡ, ಹೊಸ ಟೈಲ್ಸ್. ಸಿಂಕಿನ ಹತ್ತಿರ ಇಡು. ಚಪ್ಪಲಿ ತೆಗಿ ಮೊದಲು!"

ಅವನು ಚಪ್ಪಲಿ ತೆಗೆದು ಒಳಗೆ ಹೋದ.

ಅಷ್ಟು ಮೀನನ್ನು ಒಬ್ಬಳು ಮಾಡಿ ಮುಗಿಯುವುದಿಲ್ಲ. ಅಡುಗೆಮನೆಯಲ್ಲಿ ಪೇಪರ್ ಹಾಸಿ ಎಲ್ಲರೂ ಕೂತೆವು. ಮಗಳು ಊರಿಂದ ಕೊಂಡುಹೋದ ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ ಮೇಲೆ, ಮಗ ಒಂದು ಚಾಕು ಹಿಡಿದು. ನಾನು ಉಪ್ಪು ಹಾಕುವವಳು. ಸೊಸೆ, ಮೊಮ್ಮಗಳು ತೊಳೆಯುವವರು.

"ಆಫೀಸಿನಲ್ಲಿಯೂ ಹೀಗೇ ಕೆಲಸ ಮಾಡುವುದಾ ನೀನು? ನಾನು ಹತ್ತು ಮಾಡುವಾಗ ನಿನ್ನದು ಮೂರು" ಎಂದಳು ಮಗಳು.

"ನಿನ್ನ ಹತ್ತರಲ್ಲಿ ಹೊಟ್ಟೆ ಸರಿ ತೆಗೆಯಲಿಲ್ಲ. ನೋಡು ಇಲ್ಲಿ, ಪಿತ್ತ ಹಾಗೇ ಉಂಟು."

"ಅಮ್ಮನ ಆಪರೇಷನಿಗೆ ಬರಲಿಕ್ಕೆ ಪುರ್ಸೊತ್ತಿಲ್ಲದವನು ನನ್ನ ಮೀನು ನೋಡಲಿಕ್ಕೆ ಬಂದ."

"ನೀನು ಬರ್ತೇನೆ ಅಂತ ಹೇಳಿದ್ದಿ!"

"ನೀನು ಹೇಳಿದ್ದಿ!"

ಇಬ್ಬರ ಕೈಯೂ ನಿಂತಿತು. ಕಾದಿದ್ದು ಬಂತು ಎಂದು ಸೊಸೆ ನಲ್ಲಿ ನಿಲ್ಲಿಸಿದಳು.

"ಕಣ್ಣು ನನ್ನದು" ಎಂದೆ. "ಅದು ಗುಣವಾಗಿ ಎರಡು ವರ್ಷ ಆಯಿತು. ಈ ಬಂಗುಡೆಯ ಸಣ್ಣ ಹುರುಪೆ ಸಹ ನನಗೆ ಕಾಣ್ತದೆ. ನೀವು ಜಗಳ ಮಾಡಿ, ಬೇಡ ಹೇಳುವುದಿಲ್ಲ. ಆದರೆ ಕೈ ನಿಲ್ಲಿಸಬೇಡಿ, ಮೀನು ಹಾಳಾಗ್ತದೆ."

ಜಗಳ ಮಾಡಿದರು. ಕೈ ನಿಲ್ಲಿಸದೆ ಮಾಡಿದರು. ಎರಡನೆಯ ಕ್ರೇಟು ಅರ್ಧವಾಗುವಾಗ ಇಬ್ಬರಲ್ಲಿಯೂ ಹೊಸ ಮಾತು ಉಳಿದಿರಲಿಲ್ಲ, ಹಳತನ್ನೇ ಮತ್ತೆ ಹೇಳುತ್ತಿದ್ದರು.

ಫ್ರೀಜರ್ ತುಂಬಿತು. ಫ್ರಿಜ್ಜಿನಲ್ಲಿ ಜಾಗ ಮಾಡಲು ಮಗ ಬಾಗಿಲು ತೆರೆದ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ವೀಳ್ಯದೆಲೆ.

"ಇದೆಂತಕ್ಕೆ? ಬಾವ ಎಲೆ ತಿನ್ಲಿಕ್ಕೆ ಸುರು ಮಾಡಿದರಾ?"

ಮಗಳು ಇನ್ನೊಂದು ಮೀನನ್ನು ಕತ್ತಿಗೆ ಹಿಡಿದಳು. ಹೇಳಿದವಳು ಮೊಮ್ಮಗಳು. "ನಿಮಗೆ ಮಾಮ. ಅಮ್ಮ ಪ್ರತಿ ವಾರ ಹೊಸತು ತಂದಿಡ್ತಾರೆ. ಬಾಡಿದ್ದನ್ನು ಬಿಸಾಡ್ತಾರೆ, ಪುನಃ ತರ್ತಾರೆ."

ಮಗ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತ. ಅದು ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು.

ಮಗಳು ಎದ್ದಳು. ಕೈ ತೊಳೆದು, ಒಂದು ಸ್ಟೀಲ್ ತಟ್ಟೆಯಲ್ಲಿ ಎಲೆ, ಅಡಿಕೆ ಇಟ್ಟು ಅವನ ಎದುರು ಹಿಡಿದಳು. "ಮದುಮಗಳನ್ನು ಮಂಟಪಕ್ಕೆ ನೀನೇ ಕರೆತರಬೇಕು."

"ಕೈಯೆಲ್ಲ ಮೀನು ಅಕ್ಕ. ತೊಳೆದು ಬರ್ತೇನೆ."

"ಹಾಗೇ ಹಿಡಿ. ತೊಳೆಯಲಿಕ್ಕೆ ಹೋದರೆ ನೀನು ಮತ್ತೆ ಯೋಚನೆ ಮಾಡ್ತಿ."

ಹಾಗೇ ಹಿಡಿದ. ಮಗಳು ಮೂಗು ಒರೆಸಿಕೊಂಡಳು. ನಾನು ಸಾರಿಗೆ ಹುಳಿ ನೆನೆಹಾಕಲು ಎದ್ದೆ. ಭಟ್ಟರಿಗೆ ಫೋನ್ ಮಾಡಿ ನಾಳೆ ಬರುತ್ತೇವೆ ಎಂದರು. ಹೋಟೆಲಿನ ರೂಮು ಖಾಲಿ ಬಿತ್ತು.

ಮರುದಿನ ಬೆಳಿಗ್ಗೆ ನಾನು ಉಪ್ಪು ಹಾಕಿದ ಬಂಗುಡೆಗಳನ್ನು ಬಿಲ್ಡಿಂಗಿನ ತಾರಸಿಗೆ ಹೊತ್ತುಕೊಂಡು ಹೋಗಿ, ಮಗಳ ಹಳೆಯ ಬೆಡ್‌ಶೀಟ್ ಹಾಸಿ ಒಣಗಲು ಹರಡಿದೆ. ಕಾಗೆ ಅಲ್ಲಿಯೂ ಉಂಟು. ಕಾಯುತ್ತಾ ಕೂತೆ. ಕೆಳಗೆ ಅಕ್ಕ ತಮ್ಮ ಇಬ್ಬರೂ ಕಾರಿನ ಮ್ಯಾಟು ಉಜ್ಜುತ್ತಿದ್ದರು. ಬಾಕಿ ಇದ್ದ ನನ್ನ ಎರಡನೆಯ ಕಣ್ಣಿನ ಆಪರೇಷನಿಗೆ "ನಾನೇ ಹೋಗುವುದು" ಎಂದು ಅವಳು, "ಅಲ್ಲ, ನಾನೇ" ಎಂದು ಅವನು. ಗಲಾಟೆ ಮೇಲಿನವರೆಗೆ ಕೇಳುತ್ತಿತ್ತು.

ನಾನು ಮಂಗಳೂರಿಗೆ, ತಂಗಿಗೆ ಫೋನ್ ಮಾಡಿದೆ. "ಎರಡನೇ ಕಣ್ಣಿಗೂ ನೀನೇ ಬರಬೇಕು, ರಿಕ್ಷಾದವನಿಗೆ ಹೇಳಿಡು" ಎಂದು ಹೇಳಿ, ಎದ್ದು ಮೀನುಗಳನ್ನು ಮಗುಚಿ ಹಾಕಿದೆ.