ಇಲಿ ಹಿಡಿಯದ ಬೆಕ್ಕು

ಮೂಡಲಗಿಯ ನಮ್ಮ ಮನೆಯಲ್ಲಿ ಬೆಕ್ಕೂ ಇತ್ತು, ಇಲಿಗಳೂ ಇದ್ದವು. ಎರಡೂ ಒಂದೇ ಸೂರಿನಡಿ ಸುಖವಾಗಿದ್ದವು. ನಾವು ಜೈನರು. ಇಲಿ ಕೊಂದ ಪಾಪ ಬೆಕ್ಕಿಗೂ ತಟ್ಟಬಾರದೆಂದು ನನ್ನ ಅತ್ತೆ ಅದಕ್ಕೆ ಎರಡು ಹೊತ್ತು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಮೇಲೆ ತುಪ್ಪ ಹಾಕಿ ತಿನ್ನಿಸುತ್ತಿದ್ದರು. ಹೊಟ್ಟೆ ತುಂಬಿದ ಬೆಕ್ಕು ಮೂಗಿನ ಮುಂದೆ ಇಲಿ ಓಡಿದರೂ ಅಲುಗುತ್ತಿರಲಿಲ್ಲ.

"ಅತ್ತಿ, ನಿಮ್ಮ ಬೆಕ್ಕು ದೀಕ್ಷಾ ತಗೊಂಡೈತೇನ್ರಿ?" ಎಂದು ನಾನು ಕಾಡಿಸುತ್ತಿದ್ದೆ.

"ತಗೊಳ್ಳಿ ಬಿಡು. ನಿನಗಿಂತ ಶಾಣ್ಯಾ ಐತಿ" ಎನ್ನುತ್ತಿದ್ದರು.

ಇಲಿಗೆ ಅವರ ಉಪಾಯವೆಂದರೆ ಬೋನು. ಸಿಕ್ಕಿದ್ದನ್ನು ಕಾಲುವೆ ದಂಡೆಗೆ ಒಯ್ದು ಬಿಟ್ಟು ಬರುವುದು. ಅದು ನಮಗಿಂತ ಮೊದಲೇ ಮನೆ ಸೇರುತ್ತದೆ ಎಂಬುದು ನನ್ನ ಗುಮಾನಿ. ತೊಂಬತ್ತರ ದಶಕದ ಒಂದು ಶ್ರಾವಣದಲ್ಲಿ ಹಬ್ಬಕ್ಕೆಂದು ಬಟ್ಟೆ ಗಂಟು ಬಿಚ್ಚಿದರೆ, ಕೌಜಲಗಿಯ ತವರಿನಲ್ಲಿ ಉಡಿಸಿ ಕಳಿಸಿದ್ದ ರೇಷ್ಮೆ ಸೀರೆಯ ಸೆರಗು ಪೂರಾ ತೂತು. ನನ್ನ ತಲೆ ಕೆಟ್ಟಿತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ನನಗೆ.

ಮರುದಿನ ಗೋಕಾಕಕ್ಕೆ ಹೋದವಳು ಗುಟ್ಟಾಗಿ ಇಲಿ ಪಾಷಾಣ ತಂದೆ. ಅತ್ತೆ ಬಸದಿಗೆ ಹೊರಟ ಮೇಲೆ ರೊಟ್ಟಿ ಚೂರಿಗೆ ಆ ಕಪ್ಪು ಪುಡಿ ಕಲಸಿ, ವಾಸನೆ ಮುಚ್ಚಲೆಂದು ಧಾರಾಳವಾಗಿ ತುಪ್ಪ ಸುರಿದು, ಒಂದು ತಾಟಿನಲ್ಲಿ ಜೋಳದ ಚೀಲಗಳ ಹಿಂದೆ ಇಟ್ಟೆ. ಬೆಕ್ಕು ಇಲಿಯನ್ನು ಮುಟ್ಟುವುದೇ ಇಲ್ಲ, ವಿಷ ತಿಂದ ಇಲಿ ಅದರ ಹೊಟ್ಟೆ ಸೇರುವ ಭಯವಿಲ್ಲ ಎಂದು ಧೈರ್ಯ ತಂದುಕೊಂಡಿದ್ದೆ. ತುಪ್ಪದ ರೊಟ್ಟಿ ಈ ಮನೆಯಲ್ಲಿ ಯಾರ ಊಟ ಎಂಬುದೇ ಹೊಳೆಯಲಿಲ್ಲ. ಎಂಥ ಗೂಬೆ ನಾನು.

ಅತ್ತೆ ಮರಳುವಷ್ಟರಲ್ಲಿ ಬೆಕ್ಕು ಹಿತ್ತಲಲ್ಲಿ ನೊರೆ ಕಾರುತ್ತ ಬಿದ್ದಿತ್ತು. ಮಡಿಲಿಗೆ ಹಾಕಿಕೊಂಡು ನೀರು ಕುಡಿಸಲು ನೋಡಿದರು. ಮಡಿಲಲ್ಲೇ ಜೀವ ಹೋಯಿತು.

"ಏನ ತಿಂದಿತ್ತು ಇದು?" ಎಂದು ನನ್ನ ಮುಖವನ್ನೇ ನೋಡಿದರು.

"ಯಾರರ ಹೊಲದಾಗ ಹುಳದ ಎಣ್ಣಿ ಹೊಡದಿರಬೇಕ್ರಿ. ಅಲ್ಲಿ ಏನರ ನೆಕ್ಕಿರತೈತಿ" ಎಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಅತ್ತೆ ಮೂರು ದಿನ ಹಾಲು ಮುಟ್ಟಲಿಲ್ಲ. ಉಳಿದ ಪುಡಿಯನ್ನು ನಾನು ಹಿತ್ತಲಲ್ಲಿ ಹೂತೆ, ತಾಟನ್ನು ಬೂದಿ ಹಾಕಿ ತಿಕ್ಕಿದೆ, ಮತ್ತೂ ತಿಕ್ಕಿದೆ. ಆಮೇಲೆ ತಿಂಗಳಿಡೀ ನಮ್ಮ ನಡುವೆ ಉಪ್ಪು ಕೊಡು, ನೀರು ತಗೋ ಎಂಬಷ್ಟೇ ಮಾತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮವರು ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಹಿರಿಯರು, ಕಿರಿಯರು ಎನ್ನದೆ ಕೈಮುಗಿಯುತ್ತಾರೆ. ಅಂದು ಹೇಳಿಯೇ ಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ, ಸ್ನಾನ ಮುಗಿಸಿ ಅಡುಗೆಮನೆಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದರು.

"ತಂಗೀ, ಬೆಕ್ಕಿಗೆ ನೀನ ವಿಷಾ ಇಟ್ಟಿ ಅಂತ ಇಷ್ಟು ದಿನ ಮನಸಿನಾಗ ಸಂಶೇ ಇಟಗೊಂಡಿದ್ದೆ. ನಂದು ತಪ್ಪಾತವ್ವಾ. ಕ್ಷಮಾ ಮಾಡು."

ಅವರ ಕಣ್ಣು ತುಂಬಿತ್ತು.

"ಇರಲಿ ಬಿಡ್ರಿ, ಅತ್ತಿ" ಎಂದೆ. ಅವರನ್ನು ಕ್ಷಮಿಸಿಬಿಟ್ಟೆ.