ನೀವು ಯಾರ ಪೈಕಿ?

ಎರಡು ಸಾವಿರದ ಎಂಟರ ಮಾಗಿಯ ಒಂದು ಶನಿವಾರ ಸಂಜೆ, ಬಿಸಿಲು ಇನ್ನೂ ಪೂರ್ತಿ ಇಳಿಯದ ಹೊತ್ತಿನಲ್ಲಿ, ನಾನು ಹೊಳಲ್ಕೆರೆಯ ಬಸ್ ನಿಲ್ದಾಣದ ಹೊರಗೆ, ಸಿದ್ದಮ್ಮನ ಬಜ್ಜಿ ಗಾಡಿಗೂ ಅದರ ಹಿಂದಿನ ಬೇವಿನ ಮರಕ್ಕೂ ನಡುವೆ ನಿಂತಿದ್ದೆ. ಎಡಗೈಯಲ್ಲಿ ಮಂಡಕ್ಕಿಯ ಪೊಟ್ಟಣವಿತ್ತು, ಬಲಗೈಯಲ್ಲಿ ಅರ್ಧ ಕಚ್ಚಿದ ಮೆಣಸಿನಕಾಯಿ ಬಜ್ಜಿ. ಗಾಡಿಯ ಮುಂದೆ ನಿಲ್ಲದೆ ಹಿಂದೆ ನಿಂತದ್ದಕ್ಕೂ ಕಾರಣವಿತ್ತು. ಕರಿದದ್ದನ್ನು ಮುಟ್ಟಕೂಡದೆಂದು ವೈದ್ಯರು ನನಗೆ ಹೇಳಿದ್ದರು. ಅದನ್ನು ನನ್ನ ಹೆಂಡತಿ ಊರಿಗೆಲ್ಲ ಹೇಳಿದ್ದಳು. ಪಥ್ಯದಲ್ಲಿರುವವನಿಗೆ ಬೇವಿನ ಮರದಷ್ಟು ಹಿತಕರವಾದ ಆಶ್ರಯ ಬೇರೆ ಯಾವುದಿದೆ?

ಆಗ ತಾನೆ ಎಣ್ಣೆಯಿಂದ ಎದ್ದ ಬಜ್ಜಿಯನ್ನು ಕಚ್ಚಿದವನ ಸ್ಥಿತಿ ನಿಮಗೂ ಗೊತ್ತಿರುತ್ತದೆ. ನುಂಗಲಾಗದು, ಉಗುಳಲು ಮನಸ್ಸು ಬಾರದು, ಮಾತಂತೂ ಸಾಧ್ಯವೇ ಇಲ್ಲ. ಬಾಯಿ ತೆರೆದು ಹಾ ಹಾ ಎನ್ನುತ್ತ ಆಕಾಶವನ್ನು ನೋಡಬೇಕು, ಅಷ್ಟೆ. ನಾನು ಹಾಗೆ ಆಕಾಶ ನೋಡಿ ಮುಖ ಇಳಿಸುವಷ್ಟರಲ್ಲಿ ಗಾಡಿಯ ಆಚೆ ಬದಿಗೆ ನನ್ನ ಹತ್ತು ವರ್ಷದ ಮಗಳು ಚಂದ್ರಿಕಾ ಬಂದು ನಿಂತಿದ್ದಳು. ಅವಳೆದುರು ಇಸ್ತ್ರಿ ಮಾಡಿದ ನೀಲಿ ಅಂಗಿಯ ಮನುಷ್ಯನೊಬ್ಬ ಬಗ್ಗಿ, ನಗುತ್ತ ಮಾತಾಡುತ್ತಿದ್ದ. ಅವನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಚಂದ್ರಿ ಪುಟ್ಟಾ, ನಿಮ್ಮ ಅಜ್ಜಿಗೆ ಹುಷಾರಿಲ್ಲ. ಅಪ್ಪ ನನ್ನನ್ನ ಕಳಿಸಿದ್ದಾರೆ. ಕಾರು ಅಲ್ಲೇ ಇದೆ, ಬಾ.”

ಯಾರನ್ನೂ ಕಳಿಸದ ಆ ಅಪ್ಪ ಒಂದು ಗಾಡಿಯ ಅಗಲದಷ್ಟು ದೂರದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ.

ಮಗುವನ್ನು ಅಲ್ಲಿ ಹಾಗೆ ನಿಲ್ಲಿಸಿ ಬೇರೆ ಮಾತಿಗೆ ಹೋಗುವುದು ತಂದೆಯಾದವನಿಗೆ ಶೋಭಿಸುವ ಕೆಲಸವಲ್ಲ. ಆದರೆ ಆ ಮನುಷ್ಯನಿಗೆ ಅವಳ ಮುದ್ದಿನ ಹೆಸರು, ಅವಳ ಅಜ್ಜಿ, ಅವಳ ಶನಿವಾರ ಇವೆಲ್ಲ ಹೇಗೆ ತಿಳಿದವೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅವಳಿಗೆ ಏನೂ ಆಗಲಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ. ನಿಶ್ಚಿಂತೆಯಿಂದ ಜೊತೆಗೆ ಬನ್ನಿ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಕುರಿಗಳಲ್ಲಿ ನನ್ನ ಸೂಜಿಯ ಪರಿಚಯವಿಲ್ಲದವು ಕಡಿಮೆ. ಮನುಷ್ಯರಲ್ಲಿ ನನಗೆ ಅಷ್ಟು ಖ್ಯಾತಿ ಇರಲಿಲ್ಲ. ಲಸಿಕೆ ಹಾಕಲು ಯಾವ ಹಟ್ಟಿಗೆ ಹೋದರೂ ಅಲ್ಲಿನವರು ಮೊದಲು ಎತ್ತುತ್ತಿದ್ದದ್ದು ಕುರಿಯ ರೋಗದ ವಿಚಾರವಲ್ಲ. “ಕುಂತ್ಕಳ್ರಿ. ನೀವು ಯಾರ ಪೈಕಿ?” ಎನ್ನುವುದೇ ಮೊದಲ ಮಾತು. ಮತ್ತೋಡಿನವನು ಎಂದರೆ ಸಾಲದು. ಅಪ್ಪನ ಹೆಸರು, ತಾಯಿಯ ತವರು, ಹೆಂಡತಿಯ ಕಡೆಯವರು ಎಲ್ಲ ಬರಬೇಕು. ಅವರ ಬೀಗರ ಯಾವುದೋ ಎಳೆ ನನ್ನ ಯಾವುದೋ ಎಳೆಗೆ ಗಂಟು ಬಿದ್ದ ಮೇಲೆಯೇ ನೀರಿನ ಚೊಂಬು ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ಅವರೂ ತಮ್ಮ ಮೂರು ತಲೆಮಾರನ್ನು ನನ್ನ ಮುಂದೆ ಹರಡಿ ಮುಗಿಸಿರುತ್ತಿದ್ದರು.

ಈ ಪ್ರಶ್ನೆಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಅದರ ಹೊಟ್ಟೆಯಲ್ಲಿ ಜಾತಿಯನ್ನು ತಿಳಿದುಕೊಳ್ಳುವ ಕುತೂಹಲವೂ ಅಡಗಿರುತ್ತದೆಂಬುದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ನಾಲ್ಕಕ್ಷರ ಓದಿ ನೌಕರಿಗೆ ಸೇರಿದ ನಾನು ನನ್ನ ಮನೆಯಲ್ಲಾದರೂ ಅದು ಕೇಳಿಸಬಾರದೆಂದು ಪಣ ತೊಟ್ಟಿದ್ದೆ. ಆದರೆ ನನ್ನ ತಾಯಿ ನಮ್ಮ ಜೊತೆಯಲ್ಲೇ ಇದ್ದಳು. ಕುರಿ ಕಾಯ್ದು ಬೆಳೆದ ಹೆಂಗಸು. ಅವಳಿಗೆ ನೂರಾರು ಹಾಡು ಬರುತ್ತಿದ್ದವು, ಈ ಪ್ರಶ್ನೆಯೊಂದು ಬರುತ್ತಿತ್ತು. ಚಂದ್ರಿಕಾ ಅಜ್ಜಿಯಿಂದ ಎರಡನ್ನೂ ಕಲಿತಳು. ನನ್ನ ಮೇಲಧಿಕಾರಿಗಳು ಒಮ್ಮೆ ಮನೆಗೆ ಬಂದಾಗ ಹೊಸಿಲಲ್ಲಿ ಅಡ್ಡ ನಿಂತು, “ನೀವು ಯಾರ ಪೈಕಿ?” ಎಂದು ಕೇಳಿಬಿಟ್ಟಳು. ಅವರು ಹೋದ ಮೇಲೆ ಅವಳನ್ನು ಚೆನ್ನಾಗಿ ಗದರಿಸಿದೆ. ಅಜ್ಜಿ ಒಳಗಿನಿಂದ, “ಕೇಳಿದ್ರೆ ಏನು ಸವೀತೈತೇನ್ಲಾ?” ಎಂದಳು.

ಹಾಡಿನ ವಿಷಯದಲ್ಲಿ ಯಾರೂ ಗದರಿಸುವಂತಿರಲಿಲ್ಲ. ಕುರಿಮಂದೆಯ ಹಿಂದೆ ನಡೆಯುತ್ತ ಹಾಡುವ ಅಜ್ಜಿಯ ಹಾಡುಗಳನ್ನು ಈ ಹುಡುಗಿ ಮೈಕಿನ ಮುಂದೆ ನಿಂತು ಎತ್ತಿಕೊಂಡರೆ ಪೆಂಡಾಲಿನ ಕೊನೆಯಲ್ಲಿ ಬೀಡಿ ಸೇದುತ್ತಿದ್ದವರೂ ಬೀಡಿ ಆರಿಸುತ್ತಿದ್ದರು. ಹಿರಿಯೂರಿನ ಗಣಪತಿ ಪೆಂಡಾಲು, ಚಿತ್ರದುರ್ಗದ ಶಾಲಾ ವಾರ್ಷಿಕೋತ್ಸವಗಳು, ತುರುವನೂರಿನ ರಾಜ್ಯೋತ್ಸವ ಹೀಗೆ ಕರೆಗಳು ಬರತೊಡಗಿದವು. ವೇದಿಕೆಯ ಮೇಲೆ ಕರೆಯುವಾಗಲೂ ಒಂದು ಪದ್ಧತಿ ಇತ್ತು. ಮತ್ತೋಡಿನ ಇಂಥವರ ಮೊಮ್ಮಗಳು, ಹೊಳಲ್ಕೆರೆಯ ಡಾಕ್ಟರ್ ಸಾಹೇಬರ ಮಗಳು (ನಾನು ಡಾಕ್ಟರನಲ್ಲ, ತಿದ್ದುವ ಗೋಜಿಗೂ ಹೋಗಲಿಲ್ಲ), ಇಂಥ ಶಾಲೆ, ಇಂಥ ಬೀದಿ ಎಂದು ನಿರೂಪಕರು ಘೋಷಿಸುತ್ತಿದ್ದರು. ಅದು ಮಗುವಿನ ವಿಳಾಸ ಮಾತ್ರವಲ್ಲ, ಅದಕ್ಕೆ ತೊಡಿಸುವ ಕವಚ. ಇವಳು ಯಾರ ಮಗಳೆಂದು ಊರಿಗೆಲ್ಲ ಗೊತ್ತಾದರೆ ಊರೆಲ್ಲ ಕಾಯುತ್ತದೆಂಬ ನಂಬಿಕೆ.

ನನ್ನ ಹೆಂಡತಿಯ ತಮ್ಮ ಮಂಜುನಾಥ ಚಿತ್ರದುರ್ಗದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ. ಆ ಕಾಲದಲ್ಲಿ ಎಳೆಯರು ಹಳೆಯರೆಲ್ಲ ಹೋಗಿ ಸೇರುತ್ತಿದ್ದ ಸ್ನೇಹಿತರ ಜಾಲತಾಣವೊಂದಿತ್ತು, ಹೆಸರು ಬೇಡ. ಅದರಲ್ಲಿ ಅಕ್ಕನ ಮಗಳಿಗೊಂದು ಪುಟ ಮಾಡಿಕೊಡುತ್ತೇನೆಂದು ಅವನು ನಮ್ಮೆಲ್ಲರನ್ನೂ ಅಂಗಡಿಗೆ ಕರೆದ. ಚಂದ್ರವಳ್ಳಿ ನೋಡಲು ಹೊರಟವರಂತೆ ಬುತ್ತಿ ಕಟ್ಟಿಕೊಂಡು ಹೋದೆವು.

ಮಂಜ ಟೈಪು ಮಾಡಿದ, ನಾವು ಹೇಳಿದೆವು. ಯಾರ ಮಗಳು, ಯಾರ ಮೊಮ್ಮಗಳು, ಯಾವ ಶಾಲೆ, ಶನಿವಾರ ಸಂಜೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಅಭ್ಯಾಸ, ಮನೆಯಲ್ಲಿ ಚಂದ್ರಿ ಎಂದು ಕರೆಯುವುದು. ಯಾರನ್ನಾದರೂ ಬಿಟ್ಟರೆ ಬೇಸರವಾದೀತೆಂದು ಸೋದರತ್ತೆಯರ ಹೆಸರನ್ನೂ ಮಂಜು ಮಾಮನ ಹೆಸರನ್ನೂ ಸೇರಿಸಿದೆವು. ಕೊನೆಗೆ ಅಜ್ಜಿ, “ಏನಪ್ಪ ಮಂಜ, ಮನೆ ಎಲ್ಲೈತೆ ಅಂತ ಹಾಕ್ದೆ ಬಿಟ್ಯಲ್ಲ? ಬಂದೋರು ದಾರಿ ತಪ್ಪಿಸ್ಕೊಂಡು ತಿರುಗ್ಬೇಕಾ?” ಎಂದಳು. ಅದನ್ನೂ ಹಾಕಿದ. ಸಮವಸ್ತ್ರದಲ್ಲಿ ಶಾಲೆಯ ಫಲಕದ ಕೆಳಗೆ ನಿಂತ ಭಾವಚಿತ್ರವೂ ಏರಿತು. ಮುಗಿದಾಗ ಅದೊಂದು ಲಗ್ನಪತ್ರಿಕೆಯಂತೆ ಕಂಗೊಳಿಸುತ್ತಿತ್ತು. ತಮ್ಮ ಸುಖಾಗಮನವನ್ನು ಬಯಸುವವರು ಎಂಬ ಸಾಲೊಂದು ಕಡಿಮೆ. ನನ್ನ ಮುಖ ಮಾತ್ರ ಎಲ್ಲೂ ಬರಲಿಲ್ಲ. ಇದ್ದ ಒಂದು ಚಿತ್ರದಲ್ಲಿ ಮಂಜ ನನ್ನನ್ನು ಕತ್ತರಿಸಿದ್ದ. “ಬ್ಯಾಡ ಬಿಡ್ರಿ ಭಾವ, ಪುಟಕ್ಕೆ ದೃಷ್ಟಿಬೊಟ್ಟು ಇಟ್ಟಂಗಾಗ್ತೈತೆ,” ಎಂದ. ಅವಮಾನವಾಯಿತು.

ಈಗ ಗಾಡಿಯ ಬಳಿಗೆ ಹಿಂತಿರುಗೋಣ.

ನೀಲಿ ಅಂಗಿಯವನು ನಗುತ್ತಲೇ ಇದ್ದ. ಅವನಿಗೆ ನನ್ನ ಮಗಳ ಬಗ್ಗೆ ಎಲ್ಲವೂ ಗೊತ್ತಿತ್ತು, ಅವಳ ಅಪ್ಪ ನೋಡಲು ಹೇಗಿರುತ್ತಾನೆಂಬುದೊಂದನ್ನು ಬಿಟ್ಟು. ಚಂದ್ರಿಕಾ ಒಂದು ಹೆಜ್ಜೆ ಹಿಂದೆ ಸರಿದು, ಲಂಗವನ್ನು ಮುಷ್ಟಿಯಲ್ಲಿ ಹಿಡಿದು, ಅಜ್ಜಿಯ ಸ್ವರದಲ್ಲೇ ಕೇಳಿದಳು:

“ನೀವು ಯಾರ ಪೈಕಿ?”

“ನಾನಾ? ನಿಮ್ಮ ಮಂಜು ಮಾಮನ ಫ್ರೆಂಡು ಪುಟ್ಟಾ.”

“ಅದಲ್ಲ. ಯಾವೂರು? ಯಾರ ಮಗ?”

“ಬೆಂಗಳೂರು. ಬಾ, ಲೇಟಾಗುತ್ತೆ.”

“ಬೆಂಗ್ಳೂರಾಗೆ ಯಾರ ಪೈಕಿ?”

ಅವನ ಉತ್ತರ ತಡವಾಯಿತು. ಆ ತಡವನ್ನು ಗಾಡಿಯ ಮುಂದಿದ್ದವರೆಲ್ಲ ಗಮನಿಸಿದರು. ನಮ್ಮ ಕಡೆ ಈ ಪ್ರಶ್ನೆಗೆ ಯೋಚಿಸಿ ಉತ್ತರ ಹೇಳುವವರು ಯಾರೂ ಇಲ್ಲ. ಸಿದ್ದಮ್ಮ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ, “ಹೇಳ್ರಿ ಸ್ವಾಮಿ, ಮಗು ಕೇಳ್ತೈತಲ್ಲ. ಯಾರ ಪೈಕಿ ನೀವು?” ಎಂದಳು. ಪಕ್ಕದಲ್ಲಿ ಬಜ್ಜಿ ತಿನ್ನುತ್ತಿದ್ದ ಹೊಸದುರ್ಗದ ಬಸ್ಸಿನ ಕಂಡಕ್ಟರ್ ಹನುಮಂತಪ್ಪ ಕೈ ಒರೆಸಿಕೊಂಡು, “ಬೆಂಗ್ಳೂರಾಗೆ ನಮ್ಮೋರೂ ಅವ್ರೆ. ಯಾವ ಕಡೆ ಹೇಳ್ರಿ, ತಿಳ್ಕಳಾಣ,” ಎಂದು ಹತ್ತಿರ ಬಂದ. ಅಷ್ಟು ಹೊತ್ತಿಗೆ ನಾನು ಬಾಯಲ್ಲಿದ್ದುದನ್ನು ಉಗುಳಿ ಗಾಡಿ ಬಳಸಿ ಬಂದಿದ್ದೆ. “ಅವಳ ಅಪ್ಪ ನಾನೇ. ನಾನು ಯಾರನ್ನೂ ಕಳಿಸಿಲ್ಲ,” ಎಂದೆ. ಎಂದೆನೆಂದು ನನ್ನ ನೆನಪು. ಬರೀ ಹಾ ಹಾ ಎಂದೆನೆಂದು ಸಿದ್ದಮ್ಮನ ವಾದ.

ಆ ಮನುಷ್ಯ ನನ್ನನ್ನು ನೋಡಿದ. ಅವನ ನಗು ಮುಖದಿಂದ ಮಾಯವಾದದ್ದನ್ನು ನಾನು ಕಂಡೆ. ಏನೋ ತಪ್ಪು ತಿಳಿವಳಿಕೆ ಎಂದು ಗೊಣಗಿ, ಬೇಗ ಬೇಗ ನಡೆದು, ರಸ್ತೆಯಾಚೆ ನಿಂತಿದ್ದ ಕಾರು ಹತ್ತಿ ಚಿತ್ರದುರ್ಗದ ದಿಕ್ಕಿಗೆ ಹೊರಟುಹೋದ. ಕಾರಿನ ನಂಬರನ್ನು ಯಾರೂ ನೋಡಲಿಲ್ಲ. ಚಂದ್ರಿಕಾ ನನ್ನ ಕೈಯನ್ನು ನೋಡಿ, “ಬಜ್ಜಿ ತಿಂದ್ಯಾ? ಅಮ್ಮಂಗೆ ಹೇಳ್ತೀನಿ,” ಎಂದಳು. ಉಳಿದ ಬಜ್ಜಿಯನ್ನು ಬಿಸಾಡಿ ಅವಳ ಕೈ ಹಿಡಿದವನು ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಅವನು ಏನು ಮಾಡಲು ಬಂದಿದ್ದನೆಂದು ನನಗೆ ತಿಳಿಯದು, ತಿಳಿಯದ್ದನ್ನು ಬರೆಯುವುದಿಲ್ಲ. ಠಾಣೆಗೆ ಹೋಗಿ ದೂರು ಕೊಟ್ಟೆ. ಅಲ್ಲಿನವರು ಮೊದಲು ನಾನು ಯಾರ ಪೈಕಿ ಎಂದು ವಿಚಾರಿಸಿ, ಆಮೇಲೆ ಆಸ್ಥೆಯಿಂದ ಹುಡುಕಿದರು. ಸಿಗಲಿಲ್ಲ.

ಮರುದಿನ ಮಂಜ ಓಡಿಬಂದ. ಪುಟವನ್ನೇ ಅಳಿಸಿಬಿಡುತ್ತೇನೆ, ಇನ್ನು ವೇದಿಕೆಯೂ ಬೇಡ ಎಂದು ಹಣೆ ಚಚ್ಚಿಕೊಂಡ. ನನಗೂ ಹಾಗೇ ಅನ್ನಿಸಿತ್ತು. ಚಂದ್ರಿಕಾ ಅಲ್ಲೇ ಕುಳಿತಿದ್ದಳು. “ನಾನೇನು ಮಾಡಿದ್ನಪ್ಪ? ಹಾಡು ಯಾಕ್ ಬಿಡ್ಬೇಕು?” ಎಂದು ಕೇಳಿದಳು. ಆ ಮನುಷ್ಯನಿಗೆ ಅವಳನ್ನು ಕರೆದೊಯ್ಯಲಾಗಲಿಲ್ಲ, ಸರಿ. ಅವಳ ಹಾಡನ್ನು ಮಾತ್ರ ಒಯ್ಯುವ ಹಾಗಿತ್ತು.

ದಾರಿ ತೋರಿಸಿದವಳು ಅಜ್ಜಿ. ಹೊಲದಲ್ಲಿ ಕುರಿಮಂದೆಯನ್ನು ತರುಬಿ ನಿಲ್ಲಿಸಿದಾಗ ಎಳೆಯ ಮರಿಗಳನ್ನು ದೊಡ್ಡ ಬಿದಿರು ಬುಟ್ಟಿಯ ಕೆಳಗೆ ಕವುಚಿ ಇಡುವುದು ವಾಡಿಕೆ. “ಮರಿ ಅರಚೋದು ಊರಿಗೆಲ್ಲ ಕೇಳ್ಸುತ್ತೆ. ಅದಕ್ಕೇನ್ ಬಾಯಿ ಕಟ್ತೀವಾ? ಯಾವ ಬುಟ್ಟಿ ಕೆಳಗೈತೆ ಅಂತ ಮಾತ್ರ ದಾರಿಹೋಕರಿಗೆ ತೋರ್ಸಾದಿಲ್ಲ,” ಎಂದಳು. ಮನೆಯ ದಾರಿಯನ್ನು ಪುಟಕ್ಕೆ ಹಾಕಿಸಿದವಳು ತಾನೇ ಎಂಬುದನ್ನು ಅವಳು ನೆನಪಿಸಿಕೊಳ್ಳಲಿಲ್ಲ; ನೆನಪಿಸುವ ಧೈರ್ಯ ನಮಗೂ ಬರಲಿಲ್ಲ.

ಹಾಗಾಗಿ ಪುಟ ಉಳಿಯಿತು, ಅದರ ಮೇಲೆ ಬುಟ್ಟಿ ಕವುಚಿದೆವು. ಶಾಲೆ, ಬೀದಿ, ಶನಿವಾರ, ಮುದ್ದಿನ ಹೆಸರು, ಸೋದರತ್ತೆಯರು ಎಲ್ಲ ಹೊರಟುಹೋದರು. ಚಂದ್ರಿಕಾ ಎಂಬ ಹೆಸರು, ವೇದಿಕೆಯ ಉಡುಪಿನ ಚಿತ್ರ, ಅವಳ ದನಿ ಉಳಿದವು. ಎಲ್ಲಿ ಹಾಡುತ್ತಾಳೆಂದು ಮೊದಲೇ ಹಾಕುವುದನ್ನು ಬಿಟ್ಟು, ಹಾಡಿ ಮನೆಗೆ ಬಂದ ಮೇಲೆ ಹಾಕತೊಡಗಿದೆವು. ಪಾಸ್‌ವರ್ಡು ನನ್ನ ಹೆಂಡತಿಯ ವಶಕ್ಕೆ ಹೋಯಿತು. ನನಗೇ ಕೊಡಲಿಲ್ಲವೆಂದ ಮೇಲೆ ಅದರ ಭದ್ರತೆಯ ಬಗ್ಗೆ ಮಾತಿಲ್ಲ. ಭಾನುವಾರ ಅವಳು ಪುಟ ತೆರೆದುಕೊಟ್ಟಾಗ, ಒಳ್ಳೆಯ ಮಾತುಗಳನ್ನು ಮಗಳಿಗೆ ಓದಿ ಹೇಳುವುದು ಮತ್ತು ಸಂದೇಶಗಳಿಗೆ ಉತ್ತರಿಸುವುದು ನನ್ನ ಕೆಲಸವಾಯಿತು. ಮಗಳನ್ನು ಮಾತಾಡಿಸಬಯಸಿದವರಿಗೆಲ್ಲ ನಾನು ಒಂದೇ ಸಾಲು ಬರೆಯುತ್ತಿದ್ದೆ: “ನಮಸ್ಕಾರ. ನಾನು ಅವಳ ತಂದೆ. ತಾವು ಯಾರ ಪೈಕಿ?” ಹೆಚ್ಚಿನವರು ಅಲ್ಲಿಗೇ ಮೌನವಾದರು. ತುರುವನೂರಿನ ಹಿರಿಯರೊಬ್ಬರು ಮಾತ್ರ ತಮ್ಮ ಮುತ್ತಾತನಿಂದ ಶುರುಮಾಡಿ ಎರಡು ಪುಟ ಬರೆದರು. ಲೆಕ್ಕ ಹಾಕಿ ನೋಡಿದರೆ ನನ್ನ ಹೆಂಡತಿಗೆ ದೂರದ ಚಿಕ್ಕಪ್ಪ.

ವೇದಿಕೆಯಲ್ಲಿ ಸ್ವಲ್ಪ ಕಷ್ಟವಾಯಿತು. ಹಿರಿಯೂರಿನಲ್ಲಿ ಹೆಸರನ್ನಷ್ಟೇ ಹೇಳಿ ಎಂದು ಕೇಳಿಕೊಂಡಾಗ ನಿರೂಪಕರು, “ಅಪ್ಪನ ಹೆಸರು ಹೇಳ್ದೆ ಹೆಂಗ್ರಿ ಕರಿಯಾದು? ಮಗು ಏನು ಬಿದ್ದು ಸಿಕ್ಕೈತಾ?” ಎಂದು ನನ್ನ ಪರವಾಗಿ ನನ್ನ ಮೇಲೆಯೇ ರೇಗಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೆಂಡಾಲಿನಲ್ಲಿ ನಾವು ಯಾರೆಂದು ತಿಳಿದುಕೊಂಡವನ ಮುಖ ನಮಗೂ ಕಾಣುತ್ತದೆ. ಹಟ್ಟಿಯಲ್ಲಿ ಕೇಳಿದವನು ತನ್ನದನ್ನೂ ಹೇಳುತ್ತಾನೆ. ಜಾಲದಲ್ಲಿ ನಾವು ಉತ್ತರವನ್ನೆಲ್ಲ ಮೊದಲೇ ಕೊಟ್ಟು ಕುಳಿತಿದ್ದೆವು, ತಿರುಗಿ ಕೇಳಲು ಎದುರಿಗೆ ಯಾರೂ ಇರಲಿಲ್ಲ. ನಾನು ಗದರಿಸಿ ಬಿಡಿಸಲು ಹೊರಟಿದ್ದ ಪ್ರಶ್ನೆಯನ್ನು ನನ್ನ ಮಗಳು ಬಿಟ್ಟಿರಲಿಲ್ಲ, ಅದು ನನ್ನ ಪುಣ್ಯ. ಈಗಲೂ ಜಾತಿ ತಿಳಿಯಲು ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಬಾಗಿಲಲ್ಲಿ ನಿಂತು ಕೇಳುವ ಮಗುವನ್ನು ಗದರಿಸುವುದನ್ನು ಬಿಟ್ಟಿದ್ದೇನೆ.

ಆ ಸಂಜೆ ನಡೆದದ್ದನ್ನು ಕಂಡವರಲ್ಲಿ ಸಿದ್ದಮ್ಮ ಇದ್ದಾಳೆ, ಅದೇ ಬೇವಿನ ಮರದ ಮುಂದೆ ಬಜ್ಜಿ ಕರಿಯುತ್ತಾಳೆ. ನಾನು ಈಗ ಗಾಡಿಯ ಮುಂದೆಯೇ ನಿಂತು ತಿನ್ನುತ್ತೇನೆ, ಊದಿ ಆರಿಸಿಕೊಂಡು. ಕಂಡಕ್ಟರ್ ಹನುಮಂತಪ್ಪ ನಿವೃತ್ತನಾಗಿ ಹೊಸದುರ್ಗದಲ್ಲಿದ್ದಾನೆ. ಚಂದ್ರಿಕಾ ಇದ್ದಾಳೆ, ಹಾಡುತ್ತಾಳೆ. ನೀಲಿ ಅಂಗಿಯವನೂ ಎಲ್ಲೋ ಇದ್ದಾನು. ಅವನು ಯಾರ ಪೈಕಿಯೆಂದು ನಮಗೆ ಇಂದಿಗೂ ತಿಳಿದಿಲ್ಲ.