ಒಡೆಯನಿಲ್ಲದ ಶೆಡ್ಡು

ಕೊಯಮತ್ತೂರು ಕಡೆಯ ಸೋಮನೂರಿನಲ್ಲಿ ಬಸ್ಸಿಳಿದ ಮೊದಲ ಸಂಜೆ ಬಿಳಿ ವೇಷ್ಟಿ ಉಟ್ಟವನೊಬ್ಬ ಎರಡೂ ಕೈಯೆತ್ತಿ "ತೋಳರೇ" ಎಂದು ಕೂಗಿದ. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ಅಲ್ಲಿ ಒಂದು ಎಳನೀರಿನ ಗಾಡಿ ಬಿಟ್ಟರೆ ಏನೂ ಇರಲಿಲ್ಲ. ತಮಿಳಿನಲ್ಲಿ ಅದು ಸಂಗಾತಿಗಳನ್ನು ಕರೆಯುವ ಮಾತಂತೆ. ನಾಲಿಗೆ ಮಡಿಸಿ ನುಡಿಯಬೇಕಾದ ಅಕ್ಷರವನ್ನು ಇಲ್ಲಿಯ ಕನ್ನಡದವರು ಳಕಾರ ಮಾಡಿಬಿಡುತ್ತಾರೆ, ನಮ್ಮ ಕಿವಿಗೆ ಕಾಡಿನ ತೋಳವೇ ಬಂದು ನಿಲ್ಲುತ್ತದೆ. ನಮ್ಮೂರು ರಬಕವಿಗೆ ಇದನ್ನು ಬರೆದು ಕಳಿಸಿದಾಗ, ಗೆಳೆಯರೇ, ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಂತೆ. ನಾನೂ ನಕ್ಕಿದ್ದೆ.

ಕೂಗಿದವನು ರಂಗಸಾಮಿ. ನೇಕಾರರ ಸಭೆಗೆಂದು ನಮ್ಮೂರಿಗೆ ಬಂದಿದ್ದಾಗ ನನ್ನನ್ನು ಕರೆದವನೂ ಅವನೇ. "ನಾವು ನಾಲ್ಕು ಮನೆಯವರು ಸೇರಿ ಓನರೇ ಇಲ್ಲದ ಪವರ್‌ಲೂಮ್ ಶೆಡ್ ಹಾಕಿದೀವಿ. ಐದನೇ ಪಂಗು ನಿಂದು, ಬಂದ್ಬುಡು." ಪಂಗು ಎಂದರೆ ಪಾಲು. ತಲೆಮಾರುಗಳಿಂದ ಅವರ ಮನೆಮಾತು ಕನ್ನಡ, ಆದರೆ ಕನ್ನಡದ ಒಂದಕ್ಷರವೂ ಓದಲು ಬಾರದು. ಒಡೆಯನಿಲ್ಲದ ಶೆಡ್ಡು ಎಂಬ ಮಾತಿಗೆ ನಾನು ಮರುಳಾದೆ. ಅಪ್ಪನ ಕೈಮಗ್ಗವನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದುಬಿಟ್ಟೆ.

ನಂಜಮ್ಮ ಎಂಬ ಮುದುಕಿಯ ಹಿತ್ತಿಲ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ರೊಟ್ಟಿ ಬಡಿಯುವ ಸದ್ದಿಗೆ ಆಕೆ ಓಡಿ ಬಂದು, "ಯಾರನ್ನ ಹೊಡೀತಾ ಇದ್ದೀಯಪ್ಪ?" ಎಂದು ಕೇಳಿದಳು. ಇಲ್ಲಿ ಜೋಳಕ್ಕೆ ಚೋಳಂ ಎನ್ನುತ್ತಾರೆ, ಕಾಳು ಅದೇ, ರೊಟ್ಟಿ ಮಾತ್ರ ಯಾರಿಗೂ ಗೊತ್ತಿಲ್ಲ. ತಿಂಗಳೊಳಗೆ ಆಕೆಯೇ ತಟ್ಟೆ ಹಿಡಿದು ಬರತೊಡಗಿದಳು. ಬೋರ್ಡು ನೋಡಿ ನೋಡಿ ತಮಿಳಿನ ನಾಲ್ಕಕ್ಷರ ಕಲಿತು, ಕೊಯಮತ್ತೂರಿನಲ್ಲಿ ಯಾರನ್ನೂ ಕೇಳದೆ ಕಾರಮಡೈ ಬಸ್ಸು ಹತ್ತಿದ ದಿನ ನನ್ನ ಹಿಗ್ಗು ಹೇಳತೀರದು.

ಮಧ್ಯಾಹ್ನ ಕರೆಂಟು ಹೋದರೆ ಶೆಡ್ಡಿನಲ್ಲಿ ನನ್ನದೇ ಕಾರುಬಾರು. ತಮ್ಮ ಕಳಿಸುತ್ತಿದ್ದ ಕನ್ನಡ ಪತ್ರಿಕೆಗಳಿಂದ, ಒಡೆಯರಿಲ್ಲದ ನಾಡುಗಳೆಂದು ನಾವು ನಂಬಿದ್ದ ರಷ್ಯಾ, ಪೋಲಂಡುಗಳ ಸುದ್ದಿಯನ್ನು ಓದಿ ಹೇಳುತ್ತಿದ್ದೆ. "ಇದೆಲ್ಲಾ ನಮ್ಮನೆ ಪೇಚಲ್ಲೂ ಬರ್ತದಾ?" ಎಂದು ರಂಗಸಾಮಿ ತನ್ನ ಮನೆಮಾತಿನಲ್ಲಿ ಬರುವ ಸುದ್ದಿಗೆ ಕಣ್ಣರಳಿಸುತ್ತಿದ್ದ. ಈ ವರ್ಷ ಸುದ್ದಿ ಕೆಟ್ಟಿತು. ಪೋಲಂಡು ಜಾರಿತು, ಹಂಗೇರಿ ಜಾರಿತು, ಬರ್ಲಿನ್ನಿನ ಗೋಡೆ ಬಾಯಿ ಬಿಟ್ಟಿತು. ಅದನ್ನೂ ಒಂದಕ್ಷರ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಓನರು ಬಂದ ಮೇಲೆ ಆ ನಾಡುಗಳು ಎಷ್ಟು ಕಾಲ ನಿಲ್ಲುತ್ತವೆ ಎಂಬುದೇ ಆಮೇಲಿನ ಚರ್ಚೆ. ಹಂಗೇರಿ ತಾಳುತ್ತದೆ, ಪೋಲಂಡು ಹರಿದುಹೋಗುತ್ತದೆ ಎಂದು ರಂಗಸಾಮಿ ತೀರ್ಪು ಕೊಟ್ಟ. ಹಳೆಯದು ಮುರಿದ ಮಾತ್ರಕ್ಕೆ ಹೊಸದು ನಿಂತಂತಲ್ಲ ಎಂದು ನಾನು ವಾದಿಸಿದೆ. ಟೀ ತಂದಿದ್ದ ನಂಜಮ್ಮ ಮಗ್ಗದ ಮೇಲಿನ ಬಟ್ಟೆ ಮುಟ್ಟಿ, "ಗಂಜಿ ಇರೋವರೆಗೂ ಎಲ್ಲಾ ಬಟ್ಟೆನೂ ಗಟ್ಟಿ. ಮೂರು ಒಗೆತ ಆಗ್ಲಿ, ಅಪ್ಪುರಂ ಹೇಳೋಣ" ಎಂದಳು. ಎಲ್ಲರೂ ನಕ್ಕು ಎದ್ದರು.

ಅದಾದ ವಾರಕ್ಕೆ ರಂಗಸಾಮಿ ಒಂದು ತಮಿಳು ಕಾಗದ ತಂದ. ನನ್ನ ಬಸ್ಸಿನ ಬೋರ್ಡಿನ ವಿದ್ಯೆ ಅದಕ್ಕೆ ಸಾಲದು. ಅವನೇ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದ: ನಮ್ಮ ಐವರ ಒಪ್ಪಂದವನ್ನು ಮುಂದುವರಿಸುತ್ತೇವೆ ಎಂದು ಬರೆದಿದೆಯಂತೆ. "ಇಲ್ಲೊಂದು ಕೈಯೆಳುತ್ತು ಹಾಕು, ತೋಳರೇ." ನಾನು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದೆ.

ಹದಿನೈದು ದಿನಕ್ಕೆ ಶೆಡ್ಡಿನ ಮೇಲೆ ಬೋರ್ಡು ಬಂತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಉರಿಮೈಯಾಳರ್, ರಂಗಸಾಮಿ. ಉರಿಮೈಯಾಳರ್ ಎಂದರೆ ಒಡೆಯ ಎಂದು ನಂಜಮ್ಮ ತಲೆ ತಗ್ಗಿಸಿಕೊಂಡು ಹೇಳಿದಳು. ನಾನು ಸಹಿ ಹಾಕಿದ್ದು ನನ್ನ ಪಾಲು ಬಿಟ್ಟುಕೊಟ್ಟ ಕಾಗದಕ್ಕೆ. ಉಳಿದ ಮೂರು ಮನೆಯವರು ಅವನ ನೆಂಟರು, ಅವರಿಗೆಲ್ಲ ಮೊದಲೇ ಗೊತ್ತಿತ್ತು.

"ಅಲ್ಲೋ ರಂಗಸಾಮಿ, ಓದಿ ಹೇಳಿದಾಂವ ನೀನ ಅಲ್ಲೇನು?" ಎಂದು ಕೇಳಿದೆ.

"ಆಮಾ, ನಾನೇ. ಅಷ್ಟು ದೊಡ್ಡ ನಾಡುಗಳೇ ಓನರ್ ಬೇಕು ಅಂತ ಹೊಂಟವೆ. ಐದು ಮನೆ ಎಷ್ಟು ದಿನ ನಿಲ್ತದೆ? ಪೇಪರ್ ಓದಿದ್ದು ನೀನು ತಾನೇ? ಎಲ್ಲೂ ಹೋಗಬೇಡ, ಅದೇ ಮಗ್ಗದಲ್ಲಿ ಕೂಲಿಗೆ ನೇಯಿ."

ನನಗೆ ಮೋಸವಾಗಿದೆ. ಅದೂ ನಮ್ಮ ಭಾಷೆಯಲ್ಲೇ ಆಯಿತಲ್ಲ. ತಮಿಳಿನಲ್ಲೇ ಓದಿದ್ದರೆ ಅನುಮಾನವಾದರೂ ಬರುತ್ತಿತ್ತು.

ವಾಪಸು ಬಾ ಎಂದು ತಮ್ಮ ಬರೆದಿದ್ದಾನೆ. ಅಲ್ಲಿ ಮಗ್ಗದ ಮೇಲೆ ಅವನ ಹಾಸಿನ ನೂಲು ಏರಿದೆ, ಇಳಿಸು ಎಂದು ಯಾವ ಬಾಯಿಂದ ಹೇಳಲಿ? ಹೋದ ಸಲ ಊರಿಗೆ ಬಂದಾಗ ನನ್ನ "ಆಮಾ" ಕೇಳಿ ನೀವೇ ನನ್ನನ್ನು ತಮಿಳರಾಂವ ಎಂದಿರಿ. ಇಲ್ಲಿ ನಾನು ಇವತ್ತಿಗೂ ರೊಟ್ಟಿಕಾರ. "ಒಂದೇ ಒಗೆತ ಆಗೈತೆ ನಿಂಗೆ, ಇರು" ಎನ್ನುತ್ತಾಳೆ ನಂಜಮ್ಮ. ಸದ್ಯಕ್ಕೆ ಇದ್ದೇನೆ, ಅದೇ ಮಗ್ಗದಲ್ಲಿ ನೇಯುತ್ತೇನೆ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ರಂಗಸಾಮಿ ಎಂದಿನಂತೆ, "ತೋಳರೇ, ಸಾಪಾಟು ಆಯ್ತಾ?" ಎಂದ. ಆಯಿತು ಎಂದೆ. ಈ ಸಲ ನಾನು ಹಿಂದೆ ತಿರುಗಿ ನೋಡಲಿಲ್ಲ.